ಅಕ್ಕ ನೋಡುತ್ತಿದ್ದಾರೆ

ಮಾರ್ಚ್ ೩

ಅಕ್ಕಾ,

ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದೀನಿ" ಅಂದು ಇಟ್ಟುಬಿಡುತ್ತೀಯ ಅಂತ ಬೈದೆಯಲ್ಲ, ಅದಕ್ಕೇ ಈ ಕಾಗದ. ಕೆಲಸದ ವಿಷಯವನ್ನು ಫೋನಿನಲ್ಲಿ ಆಡುವುದಿಲ್ಲ, ಮೆಸೇಜಿನಲ್ಲಿ ಬರೆಯುವುದಿಲ್ಲ ಅಂತ ಕಂಪನಿಗೆ ಮಾತು ಕೊಟ್ಟಿದ್ದೇನೆ. ಅಂಚೆಯ ಬಗ್ಗೆ ಅವರು ಚಕಾರ ಎತ್ತಲಿಲ್ಲ. ಕಾಗದ ಬರೆಯುವ ಪ್ರಾಣಿ ಇನ್ನೂ ಉಳಿದಿದೆ ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ.

ಈಗ ನಾನು ಓಡಿಸುತ್ತಿರುವುದು ಒಬ್ಬ ನ್ಯಾಯಾಧೀಶೆಯ ಕಾರು. ಮೇಡಂ ಅನ್ನುತ್ತೇವೆ. ದೊಡ್ಡದೊಂದು ಕೊಲೆ ಮೊಕದ್ದಮೆ ಅವರ ಮುಂದಿದೆ. ಆರೋಪಿಗಳ ಕಡೆಯವರು ದುಡ್ಡಿಗೂ ಕಮ್ಮಿಯಿಲ್ಲ, ತೋಳ್ಬಲಕ್ಕೂ ಕಮ್ಮಿಯಿಲ್ಲ. ಬೆದರಿಕೆ ಬಂದ ಮೇಲೆ ನಮ್ಮ ಸೆಕ್ಯುರಿಟಿ ಕಂಪನಿಗೆ ಹೇಳಿದ್ದಾರೆ. ಬೆಳಿಗ್ಗೆ ಮನೆಯಿಂದ ಕೋರ್ಟಿಗೆ, ಸಂಜೆ ಕೋರ್ಟಿನಿಂದ ಮನೆಗೆ. ನನ್ನ ಪಕ್ಕ ಒಬ್ಬ ಗನ್‌ಮ್ಯಾನ್. ಇಡೀ ದಿನ ವಟಗುಟ್ಟುತ್ತಾನೆ, ಅದಕ್ಕೆ ಎಲ್ಲರೂ ಅವನನ್ನು ಮೌನಿ ಅಂತ ಕರೆಯುತ್ತಾರೆ.

ನಿನಗೆ ಖುಷಿಯಾಗುವ ಸಂಗತಿ ಕೊನೆಗೆ ಇಟ್ಟಿದ್ದೇನೆ. ಕಂಪನಿ ಎಲ್ಲ ಡ್ರೈವರುಗಳ ಫೋನಿಗೂ ಒಂದು ಆ್ಯಪ್ ಹಾಕಿಸಿದೆ. ಗಾಡಿ ಹೇಗೆ ಓಡಿಸುತ್ತೇವೆ ಅಂತ ನೋಡಿ ನೂರಕ್ಕೆ ಅಂಕ ಕೊಡುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಕಳೆಯುತ್ತದೆ, ಸರಕ್ಕನೆ ತಿರುಗಿಸಿದರೆ ಕಳೆಯುತ್ತದೆ. ಓಡಿಸುವಾಗ ಯಾರ ಕರೆಯೂ ಒಳಗೆ ಬರುವುದಿಲ್ಲ. ಮನೆಯವರು ಒಬ್ಬರು ತಮ್ಮ ಫೋನಿನಲ್ಲಿ ನಮ್ಮ ದಾರಿಯನ್ನು ನೋಡುತ್ತಿರಬಹುದು. ನಿನ್ನ ಹೆಸರು ಕೊಟ್ಟಿದ್ದೇನೆ, ಒಪ್ಪಿಗೆ ಒತ್ತು. ಭಾವ ಹೋದ ಮೇಲೆ ನಾನು ಕಾರು ಹತ್ತಿದೆ ಅಂದರೆ ನಿನಗೆ ಊಟ ಸೇರುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ.

ನಿನ್ನ ತಮ್ಮ


ಮಾರ್ಚ್ ೯

ತಮ್ಮಾ,

ಒಪ್ಪಿಗೆ ಅವತ್ತೇ ಒತ್ತಿದೆ. ಒಂದು ನೀಲಿ ಚುಕ್ಕೆ, ಅದರ ಹಿಂದೆ ಒಂದು ಗೆರೆ. ಆ ಚುಕ್ಕೆ ನೀನು. ಚಿಕ್ಕವನಿದ್ದಾಗ ನಿನ್ನ ಹಿಂದೆ ಊರೆಲ್ಲ ಓಡಿ ನನ್ನ ಚಪ್ಪಲಿ ಸವೆದಿತ್ತು, ಈಗ ಕುಳಿತಲ್ಲೇ ಹಿಡಿದಿದ್ದೇನೆ.

ನಾನು ಇಲ್ಲಿ ಮೂಳೆ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮುರಿದ ಕೈಕಾಲು ಸುತ್ತುತ್ತಲೇ ಇದ್ದೇನೆ. ಬರುವ ಹತ್ತರಲ್ಲಿ ಎಂಟು ಜನ ರಸ್ತೆಯಿಂದ ಬಂದವರು. ಎಲ್ಲರದ್ದೂ ಒಂದೇ ಮಾತು, "ನಾನು ನಿಧಾನಕ್ಕೇ ಹೋಗ್ತಿದ್ದೆ." ನಿನ್ನ ಭಾವನನ್ನು ಗುದ್ದಿದ ಲಾರಿಯವನೂ ಅದನ್ನೇ ಹೇಳಿದ. ಹಾಗಾಗಿ ನಾನು ಬಾಯಿಮಾತನ್ನು ನಂಬುವುದಿಲ್ಲ, ಚುಕ್ಕೆಯನ್ನು ನಂಬುತ್ತೇನೆ.

ನಂಬಿದ್ದಕ್ಕೆ ನೀನು ಮಾಡಿದ್ದೇನು? ಗುರುವಾರ ಫೋನು ಕೆಂಪಗಾಗಿ ಗುಂಯ್‌ಗುಟ್ಟಿತು. ನೋಡಿದರೆ ನಿನ್ನ ಚುಕ್ಕೆ ಯಾವುದೋ ಮಾರುಕಟ್ಟೆಯ ಸಂದಿಯಲ್ಲಿ ನುಗ್ಗುತ್ತಿದೆ. ಶುಕ್ರವಾರ ಬೇರೆ ದಾರಿ, ಶನಿವಾರ ಮತ್ತೊಂದು. ಎಪ್ಪತ್ತೊಂದು ಅಂಕ. ಎದುರಿಗೆ ಅಗಲವಾದ ಬೈಪಾಸ್ ರಸ್ತೆ ಬಿದ್ದುಕೊಂಡಿರುವಾಗ ಸಂದಿಗೊಂದಿಯಲ್ಲಿ ನಿನಗೇನು ಕೆಲಸ? ಗಾಡಿ ಕೈಗೆ ಸಿಕ್ಕಿದರೆ ಕೋತಿಗೆ ಹೆಂಡ ಕುಡಿಸಿದ ಹಾಗೆ ನಿನಗೆ, ಇವತ್ತಿಗೂ.

ನನಗೆ ಇರುವವನು ನೀನೊಬ್ಬ. ನೇರ ರಸ್ತೆಯಲ್ಲಿ ಹೋಗು.

ನಿನ್ನ ಅಕ್ಕ


ಮಾರ್ಚ್ ೧೪

ಅಕ್ಕಾ,

ಅದು ಕೋತಿಯಾಟ ಅಲ್ಲ. ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು, "ನೆನ್ನೆ ಹೋದ ದಾರೀಲಿ ಇವತ್ತು ಹೋಗೋನು ಡ್ರೈವರ್ರು, ನಮ್ಮವನಲ್ಲ." ಅವರದ್ದು ಇನ್ನೊಂದು ಮಾತಿತ್ತು. ಎಲ್ಲೇ ನಿಂತರೂ ಮುಂದಿನ ಗಾಡಿಯ ಹಿಂಚಕ್ರ ನೆಲ ಮುಟ್ಟುವುದು ಕಾಣುವಷ್ಟು ಜಾಗ ಬಿಡಬೇಕು, ಸಿಕ್ಕಿಹಾಕಿಕೊಂಡರೆ ಪಕ್ಕಕ್ಕೆ ಎಳೆದು ಹೊರಬರಲು.

ಆದರೆ ಮೇಷ್ಟ್ರು ನಿವೃತ್ತಿಯಾದರು, ಆ್ಯಪ್ ಬಂತು. ಸಂದಿಯಲ್ಲಿ ಹೋದರೆ ತಿರುವು ಹೆಚ್ಚು, ತಿರುವಿಗೆ ಅಂಕ ಹೋಗುತ್ತದೆ. ಎಲ್ಲರ ಅಂಕ ಸೇರಿಸಿ ಚೆನ್ನಾಗಿದ್ದರೆ ಕಂಪನಿಗೆ ವಿಮೆ ಅಗ್ಗವಂತೆ. ಮ್ಯಾನೇಜರು ಆಫೀಸಿನ ಗೋಡೆಗೆ ಟಿವಿ ಹಾಕಿ ನಮ್ಮ ಅಂಕ ಓಡಿಸುತ್ತಿದ್ದಾನೆ. ಪರೀಕ್ಷೆಯಲ್ಲಿ ಎಂದೂ ಮೊದಲು ಬರದವನು ಇಲ್ಲೂ ಕೊನೆಯ ಬೆಂಚಿನಲ್ಲಿದ್ದೆ.

ಮ್ಯಾನೇಜರನಿಗೆ ನಾನು ಸೊಪ್ಪು ಹಾಕುತ್ತಿರಲಿಲ್ಲ. ಆದರೆ ನೀನು ಚುಕ್ಕೆ ತೆರೆದಾಗಲೆಲ್ಲ ಆ್ಯಪಿನೊಳಗಿನ ಹೆಂಗಸು ಕಾರಿನಲ್ಲಿ ಗಟ್ಟಿಯಾಗಿ ಹೇಳುತ್ತಾಳೆ, "ಅಕ್ಕ ನೋಡುತ್ತಿದ್ದಾರೆ." ಮೌನಿ ತಕ್ಷಣ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. ನಾನು ಜೋರಾಗಿ ಬ್ರೇಕ್ ಹಾಕಿದರೆ ನಿನ್ನ ಫೋನು ಕೆಂಪಗಾಗುತ್ತದೆ, ನಿನಗೆ ಭಾವನ ಆ ದಿನ ನೆನಪಾಗುತ್ತದೆ. ಅಷ್ಟು ತಿಳಿದ ಮೇಲೆ ನನ್ನ ಕಾಲು ತಾನೇ ಮೆತ್ತಗಾಗುತ್ತದೆ.

ಸರಿ, ಇನ್ನು ಬೈಪಾಸ್ ರಸ್ತೆ, ಅದರ ತುದಿಯ ಹಳೆಯ ಸೇತುವೆ, ಕೋರ್ಟು. ದಿನಾ ಅದೇ. ಮೇಡಂ ಕೂಡ "ಈಗ ಕಾರಲ್ಲಿ ಫೈಲ್ ಓದಿದ್ರೆ ವಾಂತಿ ಬರೋ ಹಾಗಾಗಲ್ಲ" ಅಂದರು.

ತಮ್ಮ


ಮಾರ್ಚ್ ೨೦

ತಮ್ಮಾ,

ಒಂದು ವಾರ ನನಗೆ ಎಷ್ಟು ನೆಮ್ಮದಿಯಿತ್ತು ಗೊತ್ತೇ? ದಿನಾ ಅದೇ ಗೆರೆ, ಕಾಪಿ ಪುಸ್ತಕದಲ್ಲಿ ಅಕ್ಷರದ ಮೇಲೆ ಅಕ್ಷರ ತಿದ್ದಿದ ಹಾಗೆ. ತೊಂಬತ್ತಾರು ಅಂಕ. ಪ್ಲಾಸ್ಟರ್ ಒಣಗುವವರೆಗೆ ಕೂತಿರುವ ರೋಗಿಗಳಿಗೆಲ್ಲ ಹೇಳಿಕೊಂಡೆ, ನನ್ನ ತಮ್ಮನ ಹಾಗೆ ಓಡಿಸಿದರೆ ನನಗೆ ಕೆಲಸವೇ ಇರುವುದಿಲ್ಲ ಅಂತ. ಯಾರ ಕಾರು ಅಂತ ಹೇಳಲಿಲ್ಲ, ಗಾಬರಿಯಾಗಬೇಡ.

ಮೊನ್ನೆ ಬೆಳಿಗ್ಗೆ ಮತ್ತೆ ಕೆಂಪು. ಸೇತುವೆಯ ಹತ್ತಿರ. "ತೀವ್ರ ಬ್ರೇಕ್" ಅಂತ ಬಂತು. ಚುಕ್ಕೆ ನಿಂತುಬಿಟ್ಟಿತು. ನಾನು ಒಬ್ಬರ ಮಣಿಕಟ್ಟು ಸುತ್ತುತ್ತಿದ್ದೆ. ಪಟ್ಟಿ ಕೈಯಲ್ಲೇ ಗಟ್ಟಿಯಾಯಿತು, ಡಾಕ್ಟರು ಎಲ್ಲರೆದುರು ಬೈದರು. ಬೈಯಲಿ. ಚುಕ್ಕೆ ಮತ್ತೆ ಚಲಿಸುವವರೆಗೆ ನಾನು ಇನ್ನೊಂದು ಪಟ್ಟಿ ನೆನೆಸಲಿಲ್ಲ.

ಏನಾಯಿತು? ನಿದ್ದೆ ಕೆಟ್ಟಿದ್ದೆಯಾ? ಸುಳ್ಳು ಹೇಳಬೇಡ.

ಅಕ್ಕ


ಮಾರ್ಚ್ ೨೪

ಅಕ್ಕಾ,

ಒಂದು ನಾಯಿ ಅಡ್ಡ ಬಂತು, ಅಷ್ಟೇ. ನಾಯಿಗೂ ಏನಾಗಲಿಲ್ಲ, ನಮಗೂ ಏನಾಗಲಿಲ್ಲ. ಇನ್ನು ಬ್ರೇಕ್ ಮೆತ್ತಗೆ ಹಾಕುತ್ತೇನೆ, ಆಣೆ.

ಕುತ್ತಿಗೆ ಸ್ವಲ್ಪ ಹಿಡಿದುಕೊಂಡಿದೆ, ಕನ್ನಡಿ ನೋಡಿ ನೋಡಿ. ಯಾವುದಾದರೂ ಎಣ್ಣೆ ಹೇಳು.

ನಿನ್ನ ಮನೆಯ ಹಿಂಬಾಗಿಲ ಚಿಲಕ ಸಡಿಲವಾಗಿತ್ತಲ್ಲ, ಸರಿ ಮಾಡಿಸಿದೆಯಾ? ಮಾಡಿಸು. ರೋಗಿಗಳ ಹತ್ತಿರ ನನ್ನ ವಿಷಯ ಹೇಳುವುದು ಇನ್ನು ಬೇಡ. ಯಾರಾದರೂ ತಾವಾಗಿ ಕೇಳಿದರೆ ತಮ್ಮ ಹೊರದೇಶದಲ್ಲಿದ್ದಾನೆ ಅನ್ನು. ವಿಶೇಷವೇನಿಲ್ಲ. ನಮ್ಮ ಕಸುಬೇ ಹಾಗೆ, ಹಗ್ಗ ಕಂಡರೂ ಹಾವು ಅನ್ನಬೇಕು.

ತಮ್ಮ


ಮಾರ್ಚ್ ೨೯

ಲೋ ತಮ್ಮಾ,

ಚಿಲಕ, ಹೊರದೇಶ ಅಂತೆಲ್ಲ ಬರೆದು ನನ್ನನ್ನು ಹೆದರಿಸಿ ನೀನು ಮುಚ್ಚಿಡುತ್ತಿರುವುದು ಬೇರೆಯೇ. ನನಗೆ ಗೊತ್ತಾಗಿದೆ.

ಸಂಜೆ ಮೇಡಂ ಅವರನ್ನು ಬಿಟ್ಟು ಕಂಪನಿಯ ಕಾರಿನಲ್ಲೇ ನಿನ್ನ ಮನೆಗೆ ಹೋಗುತ್ತೀಯಲ್ಲ, ಹೋದವನು ಇಳಿಯುವುದೇ ಇಲ್ಲ. ಇಂಜಿನ್ ಆರಿಲ್ಲ ಅಂತ ಆ್ಯಪ್ ತೋರಿಸುತ್ತದೆ, ಚುಕ್ಕೆ ನಿಮ್ಮ ಬೀದಿಯ ತಿರುವಿನಲ್ಲಿ ನಿಂತಿರುತ್ತದೆ. ಒಂದು ಸುತ್ತು ಹಾಕಿ ಬಂದು ಮತ್ತೆ ನಿಲ್ಲುತ್ತದೆ. ಯಾರು ಅವಳು? ಆ ತಿರುವಿನಲ್ಲಿ ಔಷಧಿ ಅಂಗಡಿ ಇದೆ ಅಂತ ಹೇಳಿದ್ದೆ. ಅಂಗಡಿಯವಳೋ, ಮಹಡಿಯವಳೋ? ಕನ್ನಡಿ ನೋಡಿ ನೋಡಿ ಕುತ್ತಿಗೆ ಹಿಡಿದಿದ್ದು ಯಾಕೆ ಅಂತ ಈಗ ತಿಳಿಯಿತು.

ನನಗೆ ಸಂತೋಷವೇ. ಆದರೂ ರಾತ್ರಿ ಮಲಗುವಾಗ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ, ಹಾಗೆ ಅಂದುಕೋ. ಅಂಕ ಮಾತ್ರ ತೊಂಬತ್ತೆಂಟು. ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತೇನೆ.

ಅಕ್ಕ

ಚಿಲಕ ಮಾಡಿಸಿದ್ದೇನೆ.


ಏಪ್ರಿಲ್ ೨

ಅಕ್ಕಾ,

ಸಿಕ್ಕಿಬಿದ್ದೆ. ಔಷಧಿ ಅಂಗಡಿಯವಳೇ ಅಂದುಕೋ. ನಿನ್ನಷ್ಟೇ ಜೋರು ಬಾಯಿ ಅಂದುಕೋ. ಅವಳಿಗೆ ಇನ್ನೂ ವಿಷಯವೇ ಗೊತ್ತಿಲ್ಲ ಅಂದುಕೋ.

ಹನ್ನೊಂದನೇ ತಾರೀಕು ಮೇಡಂ ತೀರ್ಪು ಓದುತ್ತಾರೆ. ಅಲ್ಲಿಯವರೆಗೆ ಹೇಗೋ ದಾಟಬೇಕು. ಆಮೇಲೆ ರಜೆ ಹಾಕಿ ಬರುತ್ತೇನೆ. ಮೌನಿ ಎರಡು ದಿನದಿಂದ ಮಾತಾಡುತ್ತಿಲ್ಲ. ಅವನು ಸುಮ್ಮನಿದ್ದರೆ ಕಾರಿನಲ್ಲಿ ಕೂರಲಾಗುವುದಿಲ್ಲ.

ಅಮ್ಮನ ಬಳೆ ನಿನ್ನ ಹತ್ತಿರವೇ ಇರಲಿ, ನನ್ನ ಪಾಲು ಅಂತ ಏನೂ ಎತ್ತಿಡಬೇಡ. ಇದರ ಕೆಳಗೆ ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಬೈಪಾಸಿನಲ್ಲೇ ಹೋಗುತ್ತಿದ್ದೇನೆ. ದಿನಾ ನೋಡು. ನೀನು ನೋಡುತ್ತಿದ್ದೀಯ ಅಂತ ಆ ಹೆಂಗಸು ಹೇಳಿದರೆ ನನಗೂ ಒಂಥರಾ ಧೈರ್ಯ.

ತಮ್ಮ


ಏಪ್ರಿಲ್ ೮, ಬೆಳಿಗ್ಗೆ

ತಮ್ಮಾ,

ಇದನ್ನು ನೀನು ಓದುತ್ತೀಯೋ ಇಲ್ಲವೋ ಗೊತ್ತಿಲ್ಲ. ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಕೂಡಿಸಿಕೊಂಡು ಓದು. ಸುಮ್ಮನೆ ಕೂತರೆ ಕಿರುಚಿಬಿಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಇವತ್ತು ಡ್ಯೂಟಿಗೆ ಬಂದ ಕೂಡಲೇ ತೊಡೆಮೂಳೆ ಮುರಿದ ಒಬ್ಬನನ್ನು ಕೋಣೆಗೆ ತಂದರು. ಬ್ಯಾಂಕಿನ ಹಣ ಸಾಗಿಸುವ ವ್ಯಾನಿನ ಡ್ರೈವರು. ದರೋಡೆಯಾಗಿತ್ತು. "ನಿಧಾನಕ್ಕೆ ಹೋಗ್ತಿದ್ದೆ ಅಂತ ನೀನೂ ಹೇಳ್ತೀಯೇನಪ್ಪಾ" ಅಂದೆ, ಹಗುರ ಮಾಡೋಣ ಅಂತ. ಅವನು ನನ್ನನ್ನೇ ನೋಡಿದ.

"ನಿಧಾನಕ್ಕೇ ಹೋಗ್ತಿದ್ದೆ ಅಕ್ಕಾ. ಅದೇ ತಪ್ಪಾಗಿದ್ದು. ನಮಗೊಂದು ಆ್ಯಪ್ ಹಾಕ್ಸಿದ್ರು. ಅಂಕ ಬರ್ಲಿ ಅಂತ ದಿನಾ ಒಂದೇ ರಸ್ತೆ, ಒಂದೇ ಸ್ಪೀಡು. ಅವ್ರಿಗೆ ನಮ್ಮನ್ನ ಹುಡ್ಕೋ ಕೆಲಸಾನೇ ಇರ್ಲಿಲ್ಲ. ಮೊದ್ಲು ಒಂದಿನ ಬೈಕಲ್ಲಿ ಅಡ್ಡ ಬಂದ್ರು, ಎಷ್ಟು ದೂರದಲ್ಲಿ ನಿಲ್ತೀವಿ ಅಂತ ನೋಡಕ್ಕೆ. ಆಮೇಲೆ ಮನೆವರೆಗೂ ಹಿಂದೆ ಬಂದ್ರು. ಮೂರನೇ ಸಲ ಸುಮ್ನೆ ಕಾಯ್ತಾ ನಿಂತಿದ್ರು."

ಪಟ್ಟಿ ಕೆಳಗಿಟ್ಟು ಲೆಕ್ಕ ಕೂಡಿಸಿದೆ. ಸೇತುವೆಯ ಹತ್ತಿರದ ನಾಯಿ. ನಿನ್ನ ಬೀದಿಯ ತಿರುವು. ಹನ್ನೊಂದನೇ ತಾರೀಕು. ಔಷಧಿ ಅಂಗಡಿಯಲ್ಲಿ ಯಾರೂ ಇಲ್ಲ, ಅಲ್ಲವೇ?

ಫೋನ್ ಮಾಡಿದೆ. "ಇವರು ಈಗ ವಾಹನ ಚಲಾಯಿಸುತ್ತಿದ್ದಾರೆ, ಅವರ ಸುರಕ್ಷತೆಗಾಗಿ ಕರೆಯನ್ನು ತಡೆಯಲಾಗಿದೆ" ಅಂದಳು ಆ ಹೆಂಗಸು. ಮತ್ತೆ ಮಾಡಿದೆ, ಮತ್ತೆ ಅದೇ. ನಿಮ್ಮ ಕಂಪನಿಗೆ ಮಾಡಿದೆ. ಯಾರೋ ಎತ್ತಿ, "ನಿಮ್ಮ ತಮ್ಮಂದು ತೊಂಬತ್ತೆಂಟು ಅಂಕ ಮೇಡಂ, ನಮ್ಮಲ್ಲೇ ಫಸ್ಟು. ಗಾಬರಿ ಆಗ್ಬೇಡಿ" ಅಂದ. ಅವನ ತೊಂಬತ್ತೆಂಟಕ್ಕೆ ಬೆಂಕಿ ಬೀಳಲಿ.

ಚುಕ್ಕೆ ಬೈಪಾಸಿನಲ್ಲಿತ್ತು. ನಾನು ನೋಡಿ ನೋಡಿ ಮೆಚ್ಚಿದ್ದ ಗೆರೆಯ ಮೇಲೆ, ಕೂದಲೆಳೆಯಷ್ಟೂ ಆಚೀಚೆಯಾಗದೆ, ಸೇತುವೆಯ ಕಡೆಗೆ ಹೋಗುತ್ತಿತ್ತು. ಆ ಗೆರೆ ಎಳೆಸಿದವಳು ನಾನು. ನಾನು ನೋಡುತ್ತಿರುವವರೆಗೆ ನೀನು ಅದನ್ನು ಬಿಡುವುದಿಲ್ಲ.

ಆಗ ನಿನ್ನ ಕಾಗದ ನೆನಪಾಯಿತು. ಕಾರಿನೊಳಗೆ ಅವಳು ಗಟ್ಟಿಯಾಗಿ ಹೇಳುವುದು ನನ್ನ ವಿಷಯ ಒಂದನ್ನೇ, ನಾನು ನೋಡುವುದನ್ನು ಬಿಟ್ಟರೆ ಅದನ್ನೂ ಹೇಳಿಯಾಳು. ಹುಡುಕಿ ಹುಡುಕಿ "ನೋಡುವುದನ್ನು ನಿಲ್ಲಿಸಿ" ಅನ್ನುವುದನ್ನು ಒತ್ತಿದೆ. ಖಚಿತವೇ ಅಂತ ಕೇಳಿತು. ಹೌದು ಅಂತ ಒತ್ತಿದೆ.

ಚುಕ್ಕೆ ಹೋಯಿತು. ಗೆರೆಯೂ ಹೋಯಿತು. ಬರೀ ಖಾಲಿ ನಕ್ಷೆ. ಮತ್ತೆ ನೋಡಬೇಕೆಂದರೆ ನಿನ್ನ ಒಪ್ಪಿಗೆ ಬೇಕಂತೆ. ನಿನಗೆ ಕೇಳಿಸಿತೋ ಇಲ್ಲವೋ, ಕೇಳಿಸಿದರೂ ಅರ್ಥವಾಯಿತೋ, ಇಲ್ಲ ಅಕ್ಕ ಮುನಿಸಿಕೊಂಡಳು ಅಂದುಕೊಂಡೆಯೋ. ನಿನ್ನ ನಂಬರು ಈಗ ರಿಂಗೇ ಆಗುತ್ತಿಲ್ಲ. ಹೊರಗೆ ಇನ್ನೊಬ್ಬ ರೋಗಿ ಕರೆಯುತ್ತಿದ್ದಾನೆ. ಮಾತಾಡು ತಮ್ಮಾ.


ಏಪ್ರಿಲ್ ೧೦

ಅಕ್ಕಾ,

ಮೊನ್ನೆ ಸಂಜೆ ಆಸ್ಪತ್ರೆಯ ಕೌಂಟರಿನಿಂದ ಫೋನ್ ಮಾಡಿ "ಬದುಕಿದ್ದೀನಿ" ಅಂದಾಗ ನೀನು ಅತ್ತುಬಿಟ್ಟೆ. ಹಿಂದೆ ಜನ ಸಾಲು ನಿಂತಿದ್ದರು, ನಾನೂ ಅಳಬಾರದು ಅಂತ ಇಟ್ಟುಬಿಟ್ಟೆ. ಪೂರ್ತಿ ಈಗ ಬರೆಯುತ್ತೇನೆ.

ಆ ನಾಯಿ ಹೆಲ್ಮೆಟ್ ಹಾಕಿಕೊಂಡಿತ್ತು ಅಕ್ಕಾ. ಬೂದು ಹೆಲ್ಮೆಟ್, ನಂಬರಿಲ್ಲದ ಬೈಕು. ಅವತ್ತಿನಿಂದ ದಿನಾ ಕಾಣುತ್ತಿದ್ದ, ಸಂಜೆ ನನ್ನ ಬೀದಿಯವರೆಗೂ. ಅವನಿಗೆ ಮನೆ ಯಾವುದು ಅಂತ ತಿಳಿಯಬಾರದು ಅಂತ ನಾನು ಇಳಿಯುತ್ತಿರಲಿಲ್ಲ. ಮ್ಯಾನೇಜರನಿಗೆ ಹೇಳಿದೆ, ದಾರಿ ಬದಲಿಸುತ್ತೇನೆ ಅಂದೆ. "ಬೈಕು ಎಲ್ಲರ ಹಿಂದೇನೂ ಬರತ್ತೆ. ಫಸ್ಟ್ ಇದ್ದೀಯ, ಹಾಳು ಮಾಡ್ಕೋಬೇಡ" ಅಂದ. ಆದರೂ ಬದಲಿಸಬಹುದಿತ್ತು, ಸ್ಟಿಯರಿಂಗ್ ಇದ್ದದ್ದು ನನ್ನ ಕೈಯಲ್ಲಿ. ಕೆಂಪಾದರೆ ನೀನು ಕಾರಣ ಕೇಳುತ್ತೀಯ, ಕಾರಣ ತಿಳಿದರೆ ಹೆದರಿ ಸಾಯುತ್ತೀಯ. ದಿನಾ ಇವತ್ತೊಂದು ದಿನ ಕಳೆಯಲಿ ಅಂದುಕೊಂಡೆ. ನಿನ್ನ ಭಯಕ್ಕೆ ನಾನು ಹೆದರಿದೆ.

ಮೊನ್ನೆ ಬೆಳಿಗ್ಗೆ ಸೇತುವೆಗೆ ಇನ್ನು ಎರಡು ಗಾಡಿ ದೂರವಿತ್ತು. ಮೇಡಂ ಹಿಂದೆ ಫೈಲ್ ಓದುತ್ತಿದ್ದರು. ಆಗ ಅವಳು ಹೇಳಿದಳು, "ಅಕ್ಕ ನಿಮ್ಮನ್ನು ನೋಡುವುದನ್ನು ನಿಲ್ಲಿಸಿದ್ದಾರೆ."

ಮೌನಿ ಅಷ್ಟು ದಿನದ ಮೇಲೆ ಬಾಯಿ ಬಿಟ್ಟ. "ನೋಡಪ್ಪಾ, ಅಕ್ಕಂಗೂ ಸಾಕಾಯ್ತು."

ಸಾಕಾಗುವ ಅಕ್ಕ ನೀನಲ್ಲ. ಜ್ವರದಲ್ಲಿ ನನ್ನ ಮಂಚದ ಪಕ್ಕ ಕೂತವಳು ಎದ್ದು ಹೋದಳು ಅಂದರೆ ಮನೆಗೆ ಬೆಂಕಿ ಬಿದ್ದಿರಬೇಕು. ಮುಂದೆ ನೋಡಿದೆ. ಸೇತುವೆಯ ನಡುವೆ ಒಂದು ಲಾರಿ ಅಡ್ಡಡ್ಡ ತಿರುಗುತ್ತಿತ್ತು, ಕೆಟ್ಟು ನಿಂತ ಹಾಗೆ. ಕನ್ನಡಿಯಲ್ಲಿ ನೋಡಿದೆ. ಹಿಂದೆ ಒಂದು ಬಿಳಿ ವ್ಯಾನು ತೀರಾ ಒತ್ತಿಕೊಂಡು ಬರುತ್ತಿತ್ತು. ಬೂದು ಹೆಲ್ಮೆಟ್ಟಿನವನು ಸೇತುವೆಯ ಬಾಯಲ್ಲಿ ನಿಂತು ಕೈ ಎತ್ತಿದ್ದ. ಒಳಗೆ ಹೋಗಿದ್ದರೆ ಅತ್ತ ದರಿ ಇತ್ತ ಪುಲಿ.

ಮುಂದಿನ ಗಾಡಿಯ ಹಿಂಚಕ್ರ ನೆಲ ಮುಟ್ಟುವುದು ಕಾಣುತ್ತಿತ್ತು. ಅದೊಂದನ್ನು ಮಾತ್ರ ನಾನು ಅಂಕಕ್ಕೆ ಮಾರಿರಲಿಲ್ಲ. ಬ್ರೇಕ್ ತುಳಿದೆ, ಪೂರ್ತಿ ತಿರುಗಿಸಿದೆ, ಡಿವೈಡರ್ ಹತ್ತಿಸಿ ಆಚೆ ಬದಿಗೆ ಇಳಿಸಿದೆ. ವ್ಯಾನು ನಮ್ಮ ಹಿಂಭಾಗಕ್ಕೆ ಬಡಿಯಿತು. ಎಡಗೈ ಎಲ್ಲಿಗೋ ತಾಗಿ ಲಟಕ್ ಅಂತು. ಹಿಂದೆ ಏನೋ ಸಿಡಿದ ಸದ್ದು ಎರಡು ಸಲ. ಮೌನಿ ಹಿಂದಿನ ಸೀಟಿಗೆ ಹಾರಿ ಮೇಡಂ ಮೇಲೆ ಬಿದ್ದು ಅವರನ್ನು ಕೆಳಗೆ ಒತ್ತಿ ಹಿಡಿದಿದ್ದ. ಎದುರು ಬರುವ ಗಾಡಿಗಳ ನಡುವೆ ನುಗ್ಗಿ, ನೀನು ಬೈದೆಯಲ್ಲ, ಅದೇ ಮಾರುಕಟ್ಟೆಯ ಸಂದಿಗೆ ಹೊಕ್ಕೆ. ಅಲ್ಲಿ ವ್ಯಾನು ಹಿಡಿಸುವುದಿಲ್ಲ. ಪೊಲೀಸ್ ಠಾಣೆಯ ಗೇಟಿನೊಳಗೆ ನಿಲ್ಲಿಸಿದಾಗ ಕಾಲು ಬ್ರೇಕಿನಿಂದ ಏಳಲಿಲ್ಲ. ಯಾರೋ ಬಂದು ಎತ್ತಿ ತೆಗೆದರು. ಇಂಜಿನ್ ಆರಿಸಿದ ಮೇಲೆ ಆ ಹೆಂಗಸು ಹೇಳಿದಳು, "ಈ ಪ್ರಯಾಣಕ್ಕೆ ನಿಮ್ಮ ಅಂಕ ಹನ್ನೊಂದು. ದಯವಿಟ್ಟು ಜವಾಬ್ದಾರಿಯಿಂದ ಚಾಲನೆ ಮಾಡಿ."

ಮೇಡಂ ಸೀಟಿನ ಕೆಳಗಿನಿಂದ ಹಾಳೆಗಳನ್ನು ಆಯ್ದುಕೊಳ್ಳುತ್ತಾ, "ಆ ಫೋನನ್ನ ಯಾರಾದ್ರೂ ಕೊಂಡೊಯ್ಯಿರಿ" ಅಂದರು. ಪೊಲೀಸರು ತೆಗೆದುಕೊಂಡು ಹೋದರು.

ಲಾರಿಯವನು ಸಿಕ್ಕಿದ್ದಾನೆ. ವ್ಯಾನಿನವರು ಸಿಕ್ಕಿಲ್ಲ, ಬೂದು ಹೆಲ್ಮೆಟ್ಟೂ ಸಿಕ್ಕಿಲ್ಲ. ತೀರ್ಪನ್ನು ಮುಂದಕ್ಕೆ ಹಾಕುವುದಿಲ್ಲ ಅಂತ ಮೇಡಂ ಹಟ ಹಿಡಿದಿದ್ದಾರೆ. ನಾಳೆ ಓದುತ್ತಾರೆ, ಪೊಲೀಸರೇ ಕರೆದೊಯ್ಯುತ್ತಾರೆ. ಆಮೇಲೂ ಕಾರು ಓಡಲೇಬೇಕು. ಕೈ ಕೂಡಿದ ಮೇಲೆ ನಾನೇ ಬರಬೇಕಂತೆ, ಬೇರೆಯವರು ಬೇಡವಂತೆ. ಆಗಲಿ ಅಂದಿದ್ದೇನೆ. ಬೈಯಬೇಡ. ಇಲ್ಲಿಯವರು ಪ್ಲಾಸ್ಟರ್ ನಿನ್ನಷ್ಟು ಚೆನ್ನಾಗಿ ಸುತ್ತಿಲ್ಲ, ಒಳಗೆ ಕಡಿತ.

ಹೊಸ ಫೋನು ಕೊಟ್ಟಿದ್ದಾರೆ, ಅದರಲ್ಲೂ ಆ್ಯಪ್ ಇದೆ. ನಿನ್ನ ಹೆಸರು ಮತ್ತೆ ಹಾಕಿದ್ದೇನೆ. ಒಪ್ಪಿಗೆ ಒತ್ತು, ನಿನಗೆ ನೆಮ್ಮದಿ.

ತಮ್ಮ


ಏಪ್ರಿಲ್ ೧೭

ತಮ್ಮಾ,

ಒಪ್ಪಿಗೆ ಕೇಳುವ ಸಂದೇಶ ನನ್ನ ಫೋನಿಗೆ ಬಂದು ಕೂತಿದೆ. ಊಟ ಮಾಡುವಾಗ ನೋಡುತ್ತೇನೆ, ಪ್ಲಾಸ್ಟರ್ ಕಲಸುವಾಗ ನೋಡುತ್ತೇನೆ. ಬೆರಳು ಅಲ್ಲಿಯವರೆಗೂ ಹೋಗುತ್ತದೆ. ಒಂದು ಸಲ ಒತ್ತಿದರೆ ಸಾಕು, ನೀನು ಎಲ್ಲಿದ್ದೀಯ ಅಂತ ಕಾಣುತ್ತದೆ.

ಬಳೆಯ ವಿಷಯದ ಕೆಳಗೆ ನೀನು ಹೊಡೆದುಹಾಕಿದ್ದ ಆ ಸಾಲನ್ನು ನಿನ್ನೆ ಬೆಳಕಿಗೆ ಹಿಡಿದು ಓದಿದೆ. ನಿನ್ನ ಅಕ್ಕ ಅಂದ ಮೇಲೆ ಓದದೆ ಇರುತ್ತೇನೆಯೇ. "ನಾನು ಬರದಿದ್ದರೆ" ಅಂತ ಶುರುವಾಗುವ ಮಾತಿಗೆ ನಾನು ಉತ್ತರ ಬರೆಯುವುದಿಲ್ಲ.

ಒತ್ತುವುದಿಲ್ಲ ತಮ್ಮಾ. ಈಗಷ್ಟೇ ಬೇಡ ಅಂತ ಒತ್ತಿ ಬಂದೆ. ನೀನು ಯಾವ ದಾರಿಯಲ್ಲಿ ಹೋಗುತ್ತೀಯ ಅಂತ ಯಾರಿಗೂ ತಿಳಿಯಬಾರದು, ನನಗೂ. ಸಂದಿಯಲ್ಲಿ ನುಗ್ಗು, ಬ್ರೇಕ್ ತುಳಿ, ಹನ್ನೊಂದು ಅಂಕ ತಗೋ. ಮ್ಯಾನೇಜರನ ಟಿವಿಯಲ್ಲಿ ಕೊನೆಯವನಾಗಿ ಇರು. ಕೊನೆಯ ಬೆಂಚಿನವನನ್ನೇ ನಾನು ಸಾಕಿದ್ದು.

ಸಂಜೆ ಮನೆ ಸೇರಿದ ಮೇಲೆ ಒಂದು ರಿಂಗ್ ಕೊಡು, ಸಾಕು. ಏಳು ಗಂಟೆಗೆ. ನಾನು ಎತ್ತುವುದಿಲ್ಲ.

ಇಷ್ಟು ಬರೆದು ಲಕೋಟೆ ಅಂಟಿಸಿ ಅಂಚೆ ಪೆಟ್ಟಿಗೆಯವರೆಗೆ ಹೋಗಿದ್ದೆ. ಅಲ್ಲಿ ನಿಂತವಳಿಗೆ ಏಳು ಗಂಟೆ ಅಂತ ಬರೆದದ್ದು ನೆನಪಾಯಿತು. ವಾಪಸ್ ಬಂದು ಹರಿದು ತೆಗೆದು ಇದನ್ನು ಸೇರಿಸುತ್ತಿದ್ದೇನೆ.

ಏಳು ಗಂಟೆಗೆ ಬೇಡ. ದಿನಾ ಒಂದೇ ಹೊತ್ತಿಗೆ ಮನೆ ಸೇರಬೇಡ, ದಿನಾ ಒಂದೇ ಹೊತ್ತಿಗೆ ರಿಂಗೂ ಕೊಡಬೇಡ. ಒಂದು ದಿನ ಆರಕ್ಕೆ, ಒಂದು ದಿನ ಹತ್ತಕ್ಕೆ. ಕೆಲವು ದಿನ ಕೊಡಲೇಬೇಡ. ಬರದ ದಿನ ನಾನು ಬಾಗಿಲ ಹತ್ತಿರ ಫೋನ್ ಹಿಡಿದು ಕೂತಿರುತ್ತೇನೆ, ಬೆಳಗಾಗುವವರೆಗೂ ಕೂತಿರುತ್ತೇನೆ. ಅದು ನಿನಗೆ ಗೊತ್ತಿದ್ದರೂ ಕೊಡಬೇಡ.

ಹೆದರುವ ಕೆಲಸ ನನಗೆ ಬಿಡು. ನೀನು ದಾರಿ ನೋಡಿಕೋ.

ನಿನ್ನ ಅಕ್ಕ